ಹೆಸರು ಹೇಳಿದ್ದಕ್ಕೆ ಮನೆಗೇ ಬಂದ ಸಕ್ಕರೆಯವರಿಗೆ

ಹನುಮಂತನಗರ, ಬೆಂಗಳೂರು
ಷಷ್ಠಿ ಕಳೆದ ಮೇಲಿನ ಸೋಮವಾರ

ಗೆ,
ಮಾನ್ಯ ಸಕ್ಕರೆಯವರು
ಖಾಯಂ ವಿಳಾಸ: ಅಡುಗೆಮನೆಯ ಮೇಲಿನ ಹಲಗೆ, ಎಡಗಡೆಯಿಂದ ಮೂರನೇ ಡಬ್ಬಿ
ಹಾಲಿ ವಿಳಾಸ: ನಮ್ಮ ಯಜಮಾನರ ರಕ್ತ

ವಿಷಯ: ತಮ್ಮ ಹೆಸರನ್ನು ನಾವು ಬಾಯಿಮಾತಿಗೆ ಬಳಸಿದ್ದನ್ನೇ ಆಹ್ವಾನವೆಂದು ತಿಳಿದು ತಾವು ಗಂಟುಮೂಟೆ ಸಮೇತ ಬಂದಿಳಿದಿರುವ ಬಗ್ಗೆ.

ಮಾನ್ಯರೇ,

ಮದುವೆ ಮನೆಯಲ್ಲಿ ಎಲೆಯ ತುದಿಗೆ ಮೊದಲು ಬೀಳುವವರೂ, ಸಂಕ್ರಾಂತಿಯಲ್ಲಿ ಅಚ್ಚಾಗಿ ಮನೆ ಮನೆ ತಿರುಗುವವರೂ, ಗಾಂಧಿ ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಚೀಲ ಹಿಡಿದು ನಡೆಯುವ ಅರ್ಧ ಜನರ ಮೈಯಲ್ಲಿ ಯಾರನ್ನೂ ಕೇಳದೆ ವಾಸವಾಗಿರುವವರೂ ಆದ ತಮ್ಮ ಪಾದಗಳಿಗೆ ನಮಸ್ಕಾರಗಳು. ತಮಗೆ ಪಾದಗಳಿವೆಯೋ ಇಲ್ಲವೋ ನಾನರಿಯೆ. ಜನರ ಪಾದಗಳ ಮೇಲೆ ತಮಗೆ ಬಹಳ ಕಣ್ಣು ಎಂದು ಮಾತ್ರ ಕೇಳಿದ್ದೇನೆ.

ನಾನು ಮುನಿಲಕ್ಷ್ಮಮ್ಮ, ವಯಸ್ಸು ಎಪ್ಪತ್ತೊಂದು, ಓದಿರುವುದು ಮಾಲೂರಿನ ಕಡೆ ನಮ್ಮೂರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಆ ನಾಲ್ಕು ವರ್ಷದಲ್ಲಿ ನಮ್ಮ ಮೇಷ್ಟ್ರು ಕಲಿಸಿದ ಪತ್ರ ಒಂದೇ ಒಂದು, ಅದು ರಜಾ ಪತ್ರ. ಮೇಲೆ 'ಗೆ' ಬರೆದು, 'ಮಾನ್ಯರೇ' ಎಂದು ಕೈಮುಗಿದು, ನನಗೆ ಜ್ವರ ಬಂದಿರುವುದರಿಂದ ಎರಡು ದಿವಸ ರಜ ಕೊಡಬೇಕಾಗಿ ಬೇಡಿಕೊಳ್ಳುವುದು; ಕಡಲೆಕಾಯಿ ಕೀಳುವ ಕಾಲಕ್ಕೆ ಸರಿಯಾಗಿ ಇಡೀ ಕ್ಲಾಸಿಗೆ ಜ್ವರ ಬರುತ್ತಿತ್ತು. ಈ ಪತ್ರವೂ ಅದೇ ಅಚ್ಚಿನಲ್ಲಿ ಮೂಡಿದರೆ ತಾವು ತಪ್ಪು ತಿಳಿಯಬಾರದು, ನನ್ನ ಬಳಿ ಬೇರೆ ಅಚ್ಚಿಲ್ಲ.

ಮೊದಲು ನನ್ನ ಕಡೆಯ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ, ತಮ್ಮ ತಪ್ಪನ್ನು ಹೇಳುವುದಕ್ಕೆ ಆಗ ಅನುಕೂಲ. ನಮ್ಮ ಯಜಮಾನರ ಹೆಸರು ಅಂಜನಪ್ಪ. ಐವತ್ತೆರಡು ವರ್ಷದ ಸಂಸಾರದಲ್ಲಿ ಬಾಯಲ್ಲಿ ಒಂದು ಸಲವೂ ಹೇಳದ ಈ ಹೆಸರನ್ನು ಇಂದು ಕೈಯಲ್ಲಿ ಬರೆಯುತ್ತಿದ್ದೇನೆ. ಬರೆದರೆ ಹೇಳಿದಂತಾಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ. ಅವರು ಅಕ್ಕಿಪೇಟೆಯ ಒಂದು ಮಂಡಿಯಲ್ಲಿ ನಲವತ್ತು ವರ್ಷ ಇದ್ದವರು, ಮೂಟೆಯಿಂದ ಎರಡು ಕಾಳು ತೆಗೆದು ಹಲ್ಲಿಗೆ ಕೊಟ್ಟು ಇದು ಹೊಸ ಅಕ್ಕಿ, ಇದು ಎರಡು ವರ್ಷದ್ದು ಎಂದು ಹೇಳುತ್ತಿದ್ದವರು. ಅಂಥವರಿಗೆ ಈ ವರ್ಷದ ಶಿವರಾತ್ರಿ ಕಳೆದ ವಾರ ಮೂತ್ರ ಕಟ್ಟಿಕೊಂಡು, ಆಸ್ಪತ್ರೆಗೆ ಓಡಿ, ಆ ಪರೀಕ್ಷೆ ಈ ಪರೀಕ್ಷೆ ಎಲ್ಲಾ ಆದ ಮೇಲೆ, ನಮ್ಮಂಥವರು ಹೆಸರೆತ್ತದೆ 'ದೊಡ್ಡ ಕಾಯಿಲೆ' ಎನ್ನುವ ಕಾಯಿಲೆ ಇದೆಯೆಂದು ಗೊತ್ತಾಯಿತು. ಅದರ ಹೆಸರನ್ನು ಮುಂದೆ ಬರೆಯುತ್ತೇನೆ, ಸ್ವಲ್ಪ ಧೈರ್ಯ ಬರಲಿ. ಮೂರು ತಿಂಗಳಿಗೊಮ್ಮೆ ಒಂದು ಇಂಜೆಕ್ಷನ್, ವರ್ಷಗಟ್ಟಲೆ, ಎಂದು ದೊಡ್ಡ ಡಾಕ್ಟರು ಹೇಳಿದರು. ಅಂದಿನ ರಕ್ತಪರೀಕ್ಷೆಯಲ್ಲಿ ತಮ್ಮ ಅಂಕಿ ತೊಂಬತ್ತೆರಡು ಇತ್ತು, ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವುದು ಅಪರೂಪ ಎಂದು ಅವರು ಬೆನ್ನು ತಟ್ಟಿದರು. ತಾವು ಆಗ ನಮ್ಮನ್ನು ಕಣ್ಣೆತ್ತಿಯೂ ನೋಡಿರಲಿಲ್ಲ ಎನ್ನುವುದಕ್ಕೆ ಆ ಕಾಗದವೇ ಸಾಕ್ಷಿ.

ಮನೆಗೆ ಬಂದು ಯಜಮಾನರು ಒಂದೇ ಮಾತು ಹೇಳಿದರು, ನಾಲ್ಕು ಜನಕ್ಕೆ ತಿಳಿಯಬಾರದು ಎಂದು. ಕಾರಣ ಪಾರ್ಕಿನ ಬೆಂಚು. ನಮ್ಮ ಬೀದಿಯ ಕೊನೆಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಹನ್ನೊಂದು ಜನ ಗಂಡಸರು ಕೂರುವ ಒಂದು ಉದ್ದನೆಯ ಬೆಂಚಿದೆ. ಹಿಂದೆ ಆ ಬೆಂಚಿನ ವಾದಿರಾಜ ಮೇಷ್ಟ್ರಿಗೆ ಇದೇ ಕಾಯಿಲೆ ಬಂದಾಗ, ಅವರು ಬದುಕಿದ್ದು, ಪಾರ್ಕಿನ ಆ ಬದಿಯಲ್ಲಿ ಸ್ವೆಟರ್ ಹಾಕಿಕೊಂಡು ನಡೆಯುತ್ತಿರುವಾಗಲೇ, ಈ ಬದಿಯ ಬೆಂಚಿನಲ್ಲಿ ಅವರ ಜಾಗವನ್ನು ಖಾಲಿ ಬಿಟ್ಟು, ಒಳ್ಳೆಯ ಮನುಷ್ಯರಾಗಿದ್ದರು ಎಂದು ಮಾತಾಡಿಕೊಂಡಿದ್ದನ್ನು ಯಜಮಾನರು ಕಿವಿಯಾರೆ ಕೇಳಿದ್ದರು. ಮೇಷ್ಟ್ರು ಆಮೇಲೆ ಎರಡು ವರ್ಷ ಇದ್ದರು. ಆ ಎರಡು ವರ್ಷವೂ ಬೆಂಚಿಗೆ ಮಾತ್ರ ಬರಲಿಲ್ಲ.

ಹೀಗೆ ಮುಚ್ಚಿಟ್ಟುಕೊಂಡಿರುವಾಗ ಎದುರು ಮನೆಯ ವಿಶಾಲಮ್ಮನವರು ಗೇಟಿನ ಹತ್ತಿರ ನನ್ನನ್ನು ಹಿಡಿದರು. ಅವರ ಕಣ್ಣಿಗೆ ಬೀಳದೆ ನಮ್ಮ ಬೀದಿಯಲ್ಲಿ ಬೆಕ್ಕು ಕೂಡ ಮರಿ ಹಾಕುವುದಿಲ್ಲ. ಮೂರು ದಿನದಿಂದ ಆಟೋ ಬರುತ್ತದೆ, ಹೋಗುತ್ತದೆ, ಏನು ಸಮಾಚಾರ ಎಂದು ಕೇಳಿದರು. ನಿಜ ಹೇಳೋಣವೆಂದರೆ ಕಾಯಿಲೆಯ ಹೆಸರೂ ಹೇಳುವಂತಿಲ್ಲ, ಅದು ಇರುವ ಜಾಗವನ್ನಂತೂ ಗೇಟಿನಲ್ಲಿ ನಿಂತು ಹೇಳುವಂತೆಯೇ ಇಲ್ಲ. ಪಕ್ಕದ ಮನೆಯಲ್ಲಿ ಒಂದು ಚಮಚ ಹೆಪ್ಪು ಕೇಳಿ ತರುವ ಹಾಗೆ, ನಾನು ಆ ಹೊತ್ತಿಗೆ ತಮ್ಮ ಹೆಸರನ್ನು ತಂದೆ.

"ಏನಿಲ್ಲ ಕಣ್ರೀ, ಇವ್ರಿಗೆ ಸ್ವಲ್ಪ ಶುಗರ್ರು."

ಇಷ್ಟೇ ಸ್ವಾಮಿ ನಾನು ಮಾಡಿದ್ದು. ಒಂದು ಚಮಚ. ಇಡೀ ಪಾತ್ರೆಯ ಹಾಲೇ ಹೆಪ್ಪಾಗುತ್ತದೆಂದು ನನಗೇನು ಗೊತ್ತು?

ತಮ್ಮ ಹೆಸರಿಗೆ ಈ ಊರಿನಲ್ಲಿ ಎಷ್ಟು ಮರ್ಯಾದೆ ಇದೆಯೆಂದು ನನಗೆ ತಿಳಿದದ್ದೇ ಆಮೇಲೆ. ಬೇರೆ ಕಾಯಿಲೆಯವರನ್ನು ಕಂಡರೆ ಜನ ದನಿ ತಗ್ಗಿಸುತ್ತಾರೆ, ತಮ್ಮವರನ್ನು ಕಂಡರೆ ದನಿ ಏರಿಸಿ ಹತ್ತಿರ ಕರೆಯುತ್ತಾರೆ. ಎಷ್ಟಿದೆ ಎಂದು ಕೇಳುತ್ತಾರೆ, ತಮ್ಮದೆಷ್ಟು ಎಂದು ಹೇಳುತ್ತಾರೆ, ನಕ್ಷತ್ರ ಗೋತ್ರ ಕೇಳುವಂತೆ ತಿಂಡಿಗೆ ಮೊದಲಿನದೋ ಆಮೇಲಿನದೋ ಎಂದು ವಿಚಾರಿಸುತ್ತಾರೆ. ಮದುವೆ ಮನೆಯಲ್ಲಿ ಬಡಿಸುವವನು ತಮ್ಮವರ ಎಲೆಯ ಮುಂದೆ ನಿಂತು, ಚೂರೇ ಚೂರು ಹಾಕಲಾ ಎಂದು ಬಗ್ಗಿ ಕೇಳುತ್ತಾನೆ, ಆರೋಗ್ಯವಂತರಿಗೆ ಆ ಭಾಗ್ಯವಿಲ್ಲ. ಹತ್ತು ವರ್ಷದಿಂದ ಆ ಬೆಂಚಿನ ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತಂತಿದ್ದ ನಮ್ಮ ಯಜಮಾನರಿಗೆ, ತಮ್ಮ ಹೆಸರು ಹೇಳಿದ ಮರುದಿನವೇ ನಡುಮಧ್ಯೆ ಜಾಗ ಸಿಕ್ಕಿತು.

ಬೆಂಚಿನ ಯಜಮಾನಿಕೆ ದೊಡ್ಡಬೈರಪ್ಪನವರದು. ಅವರು ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದು ರಿಟೈರಾದವರು. ಓದುವುದಕ್ಕೆ ಈಗ ಮೀಟರಿಲ್ಲದ್ದರಿಂದ ಹನ್ನೊಂದು ಜನರ ಶುಗರ್ ಓದಿ ಗೆರೆ ಹಾಕಿದ ಪುಸ್ತಕದಲ್ಲಿ ಬರೆದಿಡುತ್ತಾರೆ. ಯಜಮಾನರ ಅಂಕಿ ಎಷ್ಟೆಂದು ಕೇಳಿದರಂತೆ. ಒಬ್ಬೊಬ್ಬರೂ ಇನ್ನೂರ ಹತ್ತು, ಇನ್ನೂರ ಮೂವತ್ತು ಎಂದು ಗರ್ವದಿಂದ ಹೇಳುತ್ತಿರುವಾಗ ತೊಂಬತ್ತೆರಡು ಎಂದು ಹೇಳಿ ಮಾನ ಕಳೆದುಕೊಳ್ಳುವುದು ಹೇಗೆ, ನೂರ ಎಂಬತ್ತು ಎಂದು ಸಂಕೋಚದಿಂದ ಹೇಳಿ ಬಂದರು. ಹೊಸಬರಿಗೆ ಪರವಾಗಿಲ್ಲ ಎಂದು ದೊಡ್ಡಬೈರಪ್ಪನವರು ಬರೆದುಕೊಂಡರಂತೆ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವುದನ್ನು ಮುಚ್ಚಿಡಲಾಗದ್ದರಿಂದ, ಆ ಇಂಜೆಕ್ಷನ್ನೂ ಶುಗರ್ರಿನದೇ ಎಂದು ಹೇಳಿಟ್ಟೆವು. ಎರಡನೇ ಇಂಜೆಕ್ಷನ್ ಆದಾಗ ಮೈಯಲ್ಲಿ ಸ್ವಲ್ಪ ಆಯಾಸವಿತ್ತು, ಆಯಾಸಕ್ಕೆ ತಕ್ಕ ಅಂಕಿ ಇರಲಿ ಎಂದು ಈ ಸಲ ಇನ್ನೂರ ಐದು ಎಂದು ಹೇಳಿ ಬಂದರು. ಆ ತಿಂಗಳೂ ತಾವು ನಮ್ಮ ಮನೆಯ ಮೂರನೇ ಡಬ್ಬಿಯಲ್ಲೇ ಸುಖವಾಗಿದ್ದಿರಿ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಇತ್ತ ವಿಶಾಲಮ್ಮನವರು ದಿನಾ ಬೆಳಿಗ್ಗೆ ಏಳಕ್ಕೆ ಒಂದು ಲೋಟ ಹಾಗಲಕಾಯಿ ರಸ ತಂದು, ಕುಡಿದು ಮುಗಿಸುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದರು. ಮೆಂತ್ಯದ ನೀರು, ನೇರಳೆ ಬೀಜದ ಪುಡಿ, ಅಮೃತಬಳ್ಳಿಯ ಎಲೆ, ಬೇವಿನ ಚಿಗುರು, ಬೀದಿಯ ಒಂದೊಂದು ಮನೆಯಿಂದ ಒಂದೊಂದು ಕಹಿ ಬಂತು. ಇಲ್ಲದ ಕಾಯಿಲೆಗೆ ಒಬ್ಬ ಮನುಷ್ಯ ಆರು ತಿಂಗಳು ಹಾಗಲಕಾಯಿ ಕುಡಿದದ್ದನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ? ಗಾಂಧಿ ಬಜಾರಿನಲ್ಲಿ ನಾವು ಒಂದು ಹೋಳಿಗೆ ತಿನ್ನುವಂತಿರಲಿಲ್ಲ, ಹೂವಿನವಳಿಂದ ಹಿಡಿದು ತರಕಾರಿಯವನವರೆಗೆ ಎಲ್ಲರಿಗೂ ನಮಗೆ ಶುಗರ್ ಎಂದು ಗೊತ್ತಿತ್ತು. ಯಜಮಾನರಿಗೆ ಒಂದು ದಿನ ಮೈಸೂರ್ ಪಾಕಿನ ಆಸೆ ಎಷ್ಟಾಯಿತೆಂದರೆ, ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು, ಮಲ್ಲೇಶ್ವರದಲ್ಲಿ ನಮ್ಮನ್ನು ಗುರುತಿಸುವವರು ಒಬ್ಬರೂ ಇಲ್ಲದ ಅಂಗಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಇಬ್ಬರೂ ತಿಂದೆವು. ಮದುವೆಯಾದ ಹೊಸದರಲ್ಲೂ ನಾವು ಹಾಗೆ ಕದ್ದು ಎಲ್ಲಿಗೂ ಹೋದವರಲ್ಲ. ಆ ಒಂದು ಮಧ್ಯಾಹ್ನಕ್ಕಾಗಿ ತಮಗೆ ನನ್ನ ಧನ್ಯವಾದಗಳಿವೆ, ಅದನ್ನು ತಾವು ಬೇರೆಯಾಗಿ ಇಟ್ಟುಕೊಳ್ಳಬಹುದು.

ಇನ್ನು ತಮ್ಮ ತಪ್ಪಿಗೆ ಬರುತ್ತೇನೆ.

ಮೂರನೇ ಇಂಜೆಕ್ಷನ್ ಗಣೇಶನ ಹಬ್ಬದ ಆಸುಪಾಸಿನಲ್ಲಿ ಆಯಿತು. ಆಮೇಲೆ ಯಜಮಾನರ ಹೊಟ್ಟೆ ಮುಂದೆ ಬಂತು, ತೋಳು ಸಣ್ಣಗಾಯಿತು, ಗುಡ್ಡದ ದೇವಸ್ಥಾನದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವರು ಅರ್ಧದಲ್ಲಿ ಕೂತು ಪಾದರಕ್ಷೆ ಸರಿಮಾಡಿಕೊಳ್ಳುವ ನೆಪ ಹೂಡತೊಡಗಿದರು. ಕೂತಲ್ಲೇ ಒಳಗಿನಿಂದ ಬಿಸಿ ಎದ್ದು ಮುಖವೆಲ್ಲ ಬೆವರುತ್ತಿತ್ತು. ಮುಟ್ಟು ನಿಂತ ಕಾಲದಲ್ಲಿ ನನಗೂ ಹಾಗೆಯೇ ಆಗುತ್ತಿತ್ತು, ಅಡುಗೆಮನೆಯ ಬಿಸಿ ಕಣೇ ಎಂದು ಇವರು ಪೇಪರ್ ಓದುತ್ತಿದ್ದರು. ಈಗ ಅದೇ ಪೇಪರನ್ನು ಮಡಿಸಿ ನಾನು ಬೀಸುತ್ತಿದ್ದೇನೆ, ಬೀಸುವಾಗ ಏನೂ ಹೇಳುವುದಿಲ್ಲ, ಹೇಳದಿರುವುದೇ ಅವರಿಗೆ ಹೆಚ್ಚು ಕೇಳಿಸುತ್ತದೆ. ಇದರ ಜೊತೆಗೆ ಬಾಯಾರಿಕೆ ಶುರುವಾಯಿತು. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದರು. ನಾನಾದರೋ, ವಿಶಾಲಮ್ಮನವರ ಮುಂದೆ ಶುಗರ್ ಇರುವವರಂತೆ ಎಷ್ಟು ಚೆನ್ನಾಗಿ ನಟಿಸುತ್ತಿದ್ದಾರಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೆ. ಮನೆಯಲ್ಲಿ ಯಾರೂ ಇಲ್ಲದಾಗಲೂ ಕುಡಿಯುತ್ತಿದ್ದಾರಲ್ಲ ಎಂದು ಹೊಳೆಯುವುದಕ್ಕೆ ನನಗೆ ಎರಡು ವಾರ ಬೇಕಾಯಿತು.

ದಸರಾ ಕಳೆದು ರಕ್ತಪರೀಕ್ಷೆಯ ಕಾಗದ ಬಂದಾಗ ನಮ್ಮ ಸೊಸೆ ಪ್ರತಿಭಾ ಅದನ್ನು ಎರಡು ಸಲ ಓದಿದಳು. ದೊಡ್ಡ ಕಾಯಿಲೆಗೂ ರಕ್ತದಲ್ಲಿ ಒಂದು ಅಂಕಿ ಇದೆ, ಅದು ಅರವತ್ತೆಂಟರಿಂದ ಒಂದರೊಳಕ್ಕೆ ಇಳಿದಿತ್ತು. ತಮ್ಮ ಅಂಕಿ ತೊಂಬತ್ತೆರಡರಿಂದ, ಊಟವಾದ ಮೇಲೆ, ಇನ್ನೂರ ನಲವತ್ತೇಳಕ್ಕೆ ಏರಿತ್ತು. ನಮ್ಮೂರ ಬಾವಿಯ ಏತದ ಹಾಗೆ, ಈ ತುದಿ ಇಳಿದಷ್ಟೂ ಆ ತುದಿ ಮೇಲೆ. ಆರು ತಿಂಗಳು ಹೊಸಿಲಲ್ಲಿ ನಿಂತು ತಮ್ಮ ಹೆಸರನ್ನು ಜಪಿಸಿದ್ದೆವು, ಇಷ್ಟು ಕರೆಯುತ್ತಿರುವಾಗ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ತಾವು ಬಂದೇಬಿಟ್ಟಿರಿ.

ತಮ್ಮನ್ನು ಕರೆತಂದವರು ಯಾರೆಂದು ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. ಆ ಕಾಯಿಲೆ ಗಂಡಸಿನ ಹಾರ್ಮೋನನ್ನು ಉಂಡು ಬೆಳೆಯುತ್ತದಂತೆ, ಇಂಜೆಕ್ಷನ್ ಆ ಹಾರ್ಮೋನನ್ನು ತಡೆಯುತ್ತದಂತೆ. ನನ್ನ ತಲೆಗೆ ಹೊಳೆದದ್ದು ಹೀಗೆ: ಕಳೆ ಒಣಗಲಿ ಎಂದು ಕಾಲುವೆಯನ್ನೇ ಕಟ್ಟಿದ್ದಾರೆ, ಕಳೆ ಒಣಗಿದೆ, ಜೊತೆಗೆ ಪೈರೂ ಸ್ವಲ್ಪ ಬಾಡಿದೆ. ಮಾಂಸ ಕರಗಿ ಹೊಟ್ಟೆಯಲ್ಲಿ ಕೊಬ್ಬು ಕೂತು, ಮೈಯೊಳಗಿನ ಇನ್ಸುಲಿನ್ನಿನ ಮಾತನ್ನು ಮೈಯೇ ಕೇಳದೆ, ಸಕ್ಕರೆ ರಕ್ತದಲ್ಲೇ ನಿಂತುಬಿಡುತ್ತದಂತೆ. ಎಲ್ಲರಿಗೂ ಹೀಗಾಗುವುದಿಲ್ಲ, ಹಲವರಿಗೆ ಆಗುತ್ತದೆ, ಅದಕ್ಕೆ ಮಾತ್ರೆ ಇದೆ, ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ, ಕೈಯಲ್ಲಿ ಅಷ್ಟಿಷ್ಟು ಭಾರ ಎತ್ತಿ, ಬಾಯಾರಿಕೆ ಬಂದಾಗಲೇ ಯಾಕೆ ಹೇಳಲಿಲ್ಲ ಎಂದು ಬೈದರು. ಬೈದು, ಇಂಜೆಕ್ಷನ್ ಮಾತ್ರ ನಿಮ್ಮಷ್ಟಕ್ಕೆ ನೀವು ನಿಲ್ಲಿಸಕೂಡದು ಎಂದು ಮೂರು ಸಲ ಹೇಳಿದರು. ನಟನೆ ಎಂದುಕೊಂಡಿದ್ದೆವು ಡಾಕ್ಟರೇ ಎಂದು ಹೇಳುವುದು ಹೇಗೆ, ಮಾತ್ರೆಯ ಚೀಟಿ ತೆಗೆದುಕೊಂಡು ಎದ್ದೆ.

ಅಂದು ಸಂಜೆ ನನಗೆ ತಡೆಯಲಾಗದೆ ವಿಶಾಲಮ್ಮನವರ ಮನೆಗೆ ಹೋಗಿ, ಇವರಿಗೆ ಶುಗರ್ ಬಂದುಬಿಟ್ಟಿದೆ ಎಂದು ಕಣ್ಣೊರೆಸಿಕೊಂಡೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಹೇಳಿದರು.

"ಅದು ಬಂದು ಏಳು ತಿಂಗಳಾಯ್ತಲ್ಲಕ್ಕಾ, ಈಗ್ಯಾಕೆ ಅಳ್ತೀರ?"

ತಾವೇ ಯೋಚಿಸಬೇಕು. ನಿಜವಾದ ಕಾಯಿಲೆಗೆ ಅತ್ತರೆ ಹೆಸರು ಹೇಳುವಂತಿಲ್ಲ, ಹೆಸರು ಹೇಳಿದ ಕಾಯಿಲೆಗೆ ಅತ್ತರೆ ಹಳೆಯ ಸುದ್ದಿ. ಎರಡೆರಡು ಕಾಯಿಲೆ ಮನೆಯಲ್ಲಿಟ್ಟುಕೊಂಡು ಒಂದಕ್ಕೂ ಅಳುವ ಅನುಕೂಲವಿಲ್ಲದ ಹೆಂಗಸು ಈ ಹನುಮಂತನಗರದಲ್ಲಿ ನಾನೊಬ್ಬಳೇ ಇದ್ದೇನು.

ಇಷ್ಟಕ್ಕೇ ಮುಗಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಕಳೆದ ವಾರ ಯಜಮಾನರು ಬೆಂಚಿಗೆ ಹೋಗಿ ಮೊದಲ ಬಾರಿಗೆ ತಮ್ಮ ನಿಜವಾದ ಅಂಕಿಯನ್ನು ಹೇಳಿದರು. ದೊಡ್ಡಬೈರಪ್ಪನವರು ಪುಸ್ತಕ ತೆಗೆದು, ಮೂರೂ ಅಂಕಿಗಳನ್ನು ಗೆರೆಯೆಳೆದು ಸೇರಿಸಿ, ಎಲ್ಲರಿಗೂ ತೋರಿಸಿದರಂತೆ. ಮೊದಲ ಇಂಜೆಕ್ಷನ್, ನೂರ ಎಂಬತ್ತು. ಎರಡನೆಯದು, ಇನ್ನೂರ ಐದು. ಮೂರನೆಯದು, ಇನ್ನೂರ ನಲವತ್ತೇಳು. ಶುಗರ್ರಿಗೆ ಕೊಡುವ ಇಂಜೆಕ್ಷನ್ ಶುಗರ್ರನ್ನೇ ಏರಿಸುತ್ತಿದೆ.

"ಅಂಜನಪ್ಪೋರೇ, ಮೀಟ್ರು ಸುಳ್ಳು ಹೇಳಲ್ಲ. ಆ ಇಂಜೆಕ್ಷನ್ ಬಿಟ್ಟಾಕಿ."

ನನಗೆ ಹೊಟ್ಟೆ ಉರಿಯುವುದು ಯಾಕೆಂದರೆ, ಅವರು ಹೇಳಿದ್ದು ಸರಿ. ಎರಡು ಸುಳ್ಳು ಅಂಕಿ, ಒಂದು ನಿಜ ಅಂಕಿ ಕೂಡಿಸಿ, ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿದ ಉತ್ತರವನ್ನೇ ಅವರು ಪಾರ್ಕಿನ ಬೆಂಚಿನಲ್ಲಿ ಕೂತು ಹೇಳಿಬಿಟ್ಟರು. ತಮ್ಮನ್ನು ಏರಿಸುತ್ತಿರುವುದು ಆ ಇಂಜೆಕ್ಷನ್ನೇ ಹೌದು. ಆದರೆ ಅದು ಇರುವುದು ತಮಗಾಗಿ ಅಲ್ಲ ಎನ್ನುವ ಒಂದು ಸಾಲು ಅವರ ಪುಸ್ತಕದಲ್ಲಿಲ್ಲ, ಆ ಸಾಲನ್ನು ಬರೆಯದಂತೆ ಮಾಡಿದವಳು ನಾನು.

ಮನೆಗೆ ಬಂದ ಯಜಮಾನರು ನನ್ನ ಮುಖ ನೋಡದೆ, ತಟ್ಟೆಯಲ್ಲಿದ್ದ ಒಂದು ಸೌಟು ಅನ್ನವನ್ನು ಕಲಸುತ್ತಾ ಹೇಳಿದರು.

"ಅವ್ರು ಹೇಳೋದ್ರಾಗೂ ಅರ್ಥ ಐತೆ ಕಣಮ್ಮಿ. ನಾಕ್ನೇದು ಬ್ಯಾಡ. ಬರೀ ಶುಗರ್ ಇರೋನಾಗಿ ಇದ್ಬಿಡ್ತೀನಿ ಬಿಡು."

ಸಕ್ಕರೆಯವರೇ, ಆ ಮಾತು ಕೇಳಿದಾಗ ತಮ್ಮ ಮೇಲಿದ್ದ ಸಿಟ್ಟೆಲ್ಲ ಇಳಿದು ಹೋಗಿ ಹೆದರಿಕೆ ಶುರುವಾಯಿತು. ಅವರಿಗೆ ತಿಳಿಯದೆ ಹೇಳಿದ ಮಾತಲ್ಲ ಅದು. ಎಂಟು ತಿಂಗಳು ತಮ್ಮ ಹೆಸರಿನ ಕೆಳಗೆ ಕೂತು, ನಗುತ್ತಾ, ಬೈಸಿಕೊಳ್ಳುತ್ತಾ, ಹಾಗಲಕಾಯಿ ಕುಡಿಯುತ್ತಾ, ಅಲ್ಲಿ ಅವರಿಗೆ ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಕಾಯಿಲೆಗೆ ವಾಪಸು ಬರುವ ಮನಸ್ಸೇ ಇಲ್ಲ. ಅವರ ಕೈಗೆ ಆ ಮೆತ್ತನೆಯ ದಿಂಬು ಕೊಟ್ಟವಳು ನಾನು. ನಾಲ್ಕನೇ ಇಂಜೆಕ್ಷನ್ ಈ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಪ್ರತಿಭಾ ಅದನ್ನು ಆಗಲೇ ತಂದು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟಿದ್ದಾಳೆ, ತಣ್ಣಗಿರದಿದ್ದರೆ ಕೆಡುತ್ತದಂತೆ. ಮೂರು ದಿನದಿಂದ ನಾನು ಹೇಳಿದೆ, ಮಗ ಹೇಳಿದ, ಪ್ರತಿಭಾ ಕಾಗದ ಹಿಡಿದು ಓದಿ ಹೇಳಿದಳು. ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ, ಎದ್ದು ಪಾರ್ಕಿಗೆ ಹೋಗುತ್ತಾರೆ. ಪಾರ್ಕಿನಲ್ಲಿ ಹತ್ತು ಜನ ಸೇರಿ ಬೇಡ ಅನ್ನುತ್ತಾರೆ.

ಆದ್ದರಿಂದ ನಾನು ಇವತ್ತು ತಮ್ಮ ಹೆಸರನ್ನು ತಮಗೆ ವಾಪಸು ಕೊಡುತ್ತಿದ್ದೇನೆ. ಎಲ್ಲರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆದದ್ದು.

ನನ್ನ ಗಂಡನಿಗಿರುವುದು ಪ್ರಾಸ್ಟೇಟ್ ಕ್ಯಾನ್ಸರ್.

ಬರೆದೆ. ಪೆನ್ನು ನಿಲ್ಲಲಿಲ್ಲ, ಗೋಡೆ ಬೀಳಲಿಲ್ಲ, ಹಾಲಿನವನು ಬಂದು ಬೆಲ್ ಮಾಡಿ ಹೋದ. ಪ್ರಾಸ್ಟೇಟ್ ಎಂದರೆ ಏನೆಂದು ಬೆಂಚಿನವರಲ್ಲಿ ಯಾರಿಗಾದರೂ ತಿಳಿಯದಿದ್ದರೆ ಹೇಳುತ್ತೇನೆ: ಅದು ಮೂತ್ರದ ಚೀಲದ ಬುಡದಲ್ಲಿರುವ ನೆಲ್ಲಿಕಾಯಿ ಗಾತ್ರದ ಗ್ರಂಥಿ, ಹನ್ನೊಂದು ಜನ ಗಂಡಸರಿಗೂ ತಲಾ ಒಂದೊಂದು ಇದೆ, ಅದರ ಮೇಲೆಯೇ ಅವರು ದಿನಾ ಬೆಳಿಗ್ಗೆ ಬೆಂಚಿನಲ್ಲಿ ಕೂರುವುದು. ಮೂತ್ರಕ್ಕೆ ಪದೇ ಪದೇ ಏಳುವವರು ಯಾರ್ಯಾರು ಎಂದು ಅವರವರ ಹೆಂಡತಿಯರು ನನಗೆ ತರಕಾರಿ ಗಾಡಿಯ ಹತ್ತಿರ ಹೇಳಿದ್ದಾರೆ. ಹೆಸರು ಬರೆಯುವುದಿಲ್ಲ. ಅವರೇ ಹೋಗಿ ತೋರಿಸಿಕೊಂಡರೆ ಸಾಕು.

ಮಾನ್ಯರೇ, ಇನ್ನು ನನ್ನ ಬೇಡಿಕೆಗಳು. ತಾವು ಬಂದದ್ದು ಬಂದಿರಿ, ಇಂಜೆಕ್ಷನ್ ಇರುವವರೆಗೆ ತಾವೂ ಮನೆಯಲ್ಲಿ ಇರಬಹುದೆಂದು ಡಾಕ್ಟರು ಸೂಚನೆ ಕೊಟ್ಟಿದ್ದಾರೆ. ಇರುವವರು ಮನೆಯ ನೆಂಟರ ಹಾಗೆ ಒಂದು ಮೂಲೆಯಲ್ಲಿರಬೇಕು, ಮಾತ್ರೆ ಹೇಳಿದ ಮಾತು ಕೇಳಬೇಕು, ಊಟದ ನಂತರ ನೂರ ಅರವತ್ತು ದಾಟಿ ನಡುಮನೆಗೆ ಬರಬಾರದು. ಯುಗಾದಿಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ, ಅವರು ಅರ್ಧ ಹೋಳಿಗೆ ತಿನ್ನುವಷ್ಟು ಹೊತ್ತು, ತಾವು ಗುಡ್ಡದ ಮೇಲಿನ ದೇವಸ್ಥಾನಕ್ಕಾದರೂ ಹೋಗಿ ಬರಬೇಕು. ವರ್ಷಕ್ಕೆ ಒಂದು ಸಲ, ಮಲ್ಲೇಶ್ವರದ ಆ ಅಂಗಡಿಯ ಮುಂದೆ ನಾವು ಕಂಡರೆ, ಗುರುತಿಲ್ಲದವರಂತೆ ಮುಖ ತಿರುಗಿಸಿಕೊಳ್ಳಬೇಕು. ನನ್ನ ಗಂಡನಿಗೆ ಎರಡು ಕಾಯಿಲೆ ಇರುವುದರಿಂದ ತಾವು ದಯವಿಟ್ಟು ಅಷ್ಟು ದಿವಸ ರಜ ತೆಗೆದುಕೊಳ್ಳಬೇಕಾಗಿ ಪ್ರಾರ್ಥನೆ.

ಬೆಂಚಿನವರಲ್ಲಿಯೂ ಒಂದು ಪ್ರಾರ್ಥನೆ ಇದೆ. ಗುರುವಾರ ಹೋಗಿ ಬಂದು, ಶುಕ್ರವಾರ ಬೆಳಿಗ್ಗೆ ಅವರು ಪಾರ್ಕಿಗೆ ಬಂದರೆ, ದನಿ ತಗ್ಗಿಸಬೇಡಿ. ಎಷ್ಟಿದೆ ಎಂದು ಎಂದಿನಂತೆ ಕೇಳಿ, ಈಗ ಹೇಳುವುದಕ್ಕೆ ಅವರ ಹತ್ತಿರ ಎರಡು ಅಂಕಿಗಳಿವೆ, ದೊಡ್ಡಬೈರಪ್ಪನವರು ಇನ್ನೊಂದು ಗೆರೆ ಎಳೆದುಕೊಳ್ಳಲಿ. ವಾದಿರಾಜ ಮೇಷ್ಟ್ರಿಗೆ ಬಿಟ್ಟ ಹಾಗೆ ಜಾಗ ಖಾಲಿ ಬಿಡಬೇಡಿ. ಒತ್ತರಿಸಿಕೊಂಡೇ ಕೂರಿ.

ಈ ಪತ್ರವನ್ನು ಇಂದು ಮಧ್ಯಾಹ್ನ ಊಟವಾದ ಮೇಲೆ ಯಜಮಾನರಿಗೆ ಪೂರ್ತಿ ಓದಿ ಹೇಳಿದೆ. ಅವರಿಗೆ ಹೇಳದೆ ಪಾರ್ಕಿನ ಬೋರ್ಡಿಗೆ ಹಾಕುವಷ್ಟು ಧೈರ್ಯ ನನಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿಸಲಿಲ್ಲ. ಕೇಳುತ್ತಾ ಕೇಳುತ್ತಾ ಬೆವರಿದರು, ನಾನು ಓದುತ್ತಲೇ ಬೀಸಿದೆ. ಮುಗಿದ ಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದರು.

"ಕಾಯಿಲೆ ಹೆಸರು ಇರ್ಲಿ. ಆ ನೂರ ಎಂಬತ್ತರದ್ದು ಹೊಡ್ದಾಕು, ಮರ್ವಾದೆ ಹೋಯ್ತದೆ."

ಆಗಲಿ ಎಂದೆ. ಆದರೆ ಇದು ಇಂಕಿನ ಪೆನ್ನು, ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ.

ಗುರುವಾರ ಬರುತ್ತೀರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರು ಗಂಟೆಗೆ ಕರೆಂಟು ಹೋಯಿತು. ನಾನು ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಬಂದು ನೋಡಿದರೆ, ನಾಲ್ಕನೆಯದು ಬೇಡ ಎಂದಿದ್ದ ಮನುಷ್ಯರು ಆ ಇಂಜೆಕ್ಷನ್ನಿನ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತಣ್ಣೀರಿನ ಮಡಕೆಯ ಕುತ್ತಿಗೆಯಲ್ಲಿ ಇಳಿಬಿಟ್ಟು, ಕವರಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಕರೆಂಟು ಬರುವವರೆಗೆ, ನಲವತ್ತು ನಿಮಿಷ, ಆ ಕೈ ಬಿಡಲಿಲ್ಲ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಬಟ್ಟೆ ಮಡಿಸಿದೆ.

ತಮ್ಮ ಹೆಸರನ್ನು ಕೇಳದೆ ಬಳಸಿ, ಉಪಯೋಗ ಮುಗಿದ ಮೇಲೆ ತೊಳೆದು ಹಿಂದಿರುಗಿಸುತ್ತಿರುವ,
ಆದರೂ ತಮ್ಮ ವಿಶ್ವಾಸಿಯೇ ಆದ,
ಮುನಿಲಕ್ಷ್ಮಮ್ಮ

ಪ್ರತಿಗಳು:
ಪಾರ್ಕಿನ ನೋಟೀಸು ಬೋರ್ಡು, ಯೋಗ ಕ್ಲಾಸಿನ ಚೀಟಿಯ ಪಕ್ಕ
ದೊಡ್ಡಬೈರಪ್ಪನವರು, ಪುಸ್ತಕದಲ್ಲಿ ಅಂಟಿಸಿಕೊಳ್ಳುವುದಕ್ಕೆ

ತಾ.ಕ.: ವಿಶಾಲಮ್ಮನವರೇ, ಈ ಪತ್ರವನ್ನು ಎಲ್ಲರಿಗಿಂತ ಮೊದಲು ಓದುವವರು ನೀವೇ ಎಂದು ನನಗೆ ಗೊತ್ತು. ಶುಗರ್ ಇಲ್ಲದಾಗ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಕುಡಿಸಿದಿರಿ. ನಿಜವಾಗಿ ಬಂದ ಮೇಲೆ, ಹಾಗಲಕಾಯಿ ಸರಿಯಾಗಿ ಸಿಗುತ್ತಿಲ್ಲ ಎಂದು ನಿಲ್ಲಿಸಿದ್ದೀರಿ. ಮಾತ್ರೆ ನಡೆಯುತ್ತಿದೆ, ರಸವೇನೂ ಬೇಕಿಲ್ಲ. ಆದರೂ ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಖಾಲಿ ಲೋಟವಾದರೂ ಸರಿ, ಹಿಡಿದುಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಬೈದು ಹೋಗಿ. ಅವರಿಗೆ ಅಭ್ಯಾಸವಾಗಿಬಿಟ್ಟಿದೆ.